ಡಬ್ಬಿಗೆ ತುಂಬಿದ ವೈ-ಫೈ

ವೈ-ಫೈ ಹಾಕಲು ಬಂದವನು "ಇದಕ್ಕೊಂದು ಹೆಸರು ಹೇಳ್ರಿ" ಅಂದದ್ದೇ ಎಲ್ಲ ಫಜೀತಿಗೆ ಮೂಲ. ಸವಣೂರಿನಲ್ಲಿ ಖಾರ ಅನ್ನೋ ಕರಿದ ಕುರುಕಲು ತಿಂಡಿಯ ಅಂಗಡಿ ಇಟ್ಟ ಜಾಕೀರನಿಗೆ ಆ ಹೊತ್ತಿಗೆ ಹೊಟ್ಟೆ ಉರಿಯುತ್ತಿತ್ತು. ಮುಂಜಾನೆಯಿಂದ ಬಂದ ಗಿರಾಕಿಗಳೆಲ್ಲ ಅವನ ಅಂಗಡಿ ದಾಟಿ ಪಕ್ಕದ ಚಮನಬಿಯ ಖಾರಕ್ಕೆ ಹೋಗಿದ್ದರು. ನಮ್ಮನೆ ಪೆಟ್ಟಿಗೆ, ನಮಗಷ್ಟೇ ಕಾಣೋ ಹೆಸರು ಅಂದುಕೊಂಡು, "'ಚಮನಬಿ ಖಾರ ಕಮಟು' ಅಂತ ಹಾಕು" ಅಂದುಬಿಟ್ಟ.

ಮಧ್ಯಾಹ್ನ ಎದುರಿನ ದರ್ಜಿ ಮಲ್ಲಿಕಸಾಬ ಫೋನ್ ಹಿಡಿದು ಓಡಿ ಬಂದ.

"ಏನ್ ಬರಸೀಯಪಾ ಇದು! ಓಣಿ ಮಂದಿ ಫೋನಿನಾಗೆಲ್ಲಾ ಕಾಣಾಕತ್ತೈತಿ."

"ನಮ್ಮ ಗ್ವಾಡಿ ಒಳಗಿಂದು ನಿಮಗ ಹೆಂಗ ಕಾಣ್ತೈತಿ?"

"ರೇಡಿಯೋ ಅಲೆಗೆ ನಿನ್ನ ಗ್ವಾಡಿ ಯಾವ ಲೆಕ್ಕ? ಆ ಪೆಟ್ಟಿಗಿ ತನ್ನ ಹೆಸರು ಒದರಿಕೋತನ ಇರ್ತೈತಿ. ಹತ್ತರ ಇದ್ದ ಫೋನೆಲ್ಲಾ ಕೇಳಿಸ್ಕೊಂಡು ತೋರಸ್ತಾವ."

ಜಾಕೀರನ ಮುಖ ಕಪ್ಪಿಟ್ಟಿತು. ಹೆಂಡತಿ ಫರ್ಜಾನಾಳ ಬಾಣಂತನಕ್ಕೆ ದಿನಾ ಊಟ ಕಳಿಸಿದಾಕಿ ಇದೇ ಚಮನಬಿ. ಅಷ್ಟರಲ್ಲಿ ಗೋಡೆಯಾಚೆಯಿಂದ ಅವಳದೇ ದನಿ, ಬೆಲ್ಲದಂಥಾದ್ದು.

"ಜಾಕೀರಾ, ಹಾನಗಲ್ಲಿಂದ ಮೈಲಾರಪ್ಪ ಸಾಹುಕಾರ್ರು ಬಂದಾರ. ಅವರ ಅಂಗಡಿಗೆ ದಿನಾ ಖಾರ ಬೇಕಂತ. ನನಗೊಬ್ಬಾಕಿಗೆ ನೀಗೂದಿಲ್ಲ, ಅರ್ಧಾ ನೀ ಕೊಡು. ಚಾ ಕುಡಿಸಿ ಕಳಸ್ತೇನಿ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಜಾಕೀರನಿಗೆ. ಇಂಥಾಕಿ ಹೆಸರಿಗೆ ಮಸಿ ಬಳಿದೆನಲ್ಲ! ವೈರ್ ಕಿತ್ತ. ಪೆಟ್ಟಿಗೆಯ ದೀಪ ಆರಲೊಲ್ಲದು. ಕರೆಂಟ್ ಹೋದರೂ ನಡೀಲಿ ಅಂತ ಬ್ಯಾಟರಿ ಇರೋದನ್ನೇ ಹಾಕಿಸಿದ್ದ ಪುಣ್ಯಾತ್ಮ. ಹಾಕಿದವನ ಫೋನ್ ಬಂದ್.

"ತಗಡಿನೊಳಗಿಟ್ಟರ ಅಲೆ ಹೊರಗ ಬರೂದಿಲ್ಲ" ಅಂದ ಮಲ್ಲಿಕಸಾಬ.

ಜಾಕೀರ ದೊಡ್ಡ ಖಾರದ ಡಬ್ಬಿಯನ್ನು ಪೇಪರಿನ ಮೇಲೆ ಬೋರಲು ಹಾಕಿ, ಪೆಟ್ಟಿಗೆಯನ್ನು ಒಳಗಿಟ್ಟು ಮುಚ್ಚಳ ಬಡಿದ.

"ಹೋತು ನಿನ್ನ ಹೆಸರು" ಅಂದು ಮಲ್ಲಿಕಸಾಬ ಯಾಕೋ ನಗು ತಡಕೊಂಡು ಚಮನಬಿಯ ಮನೆ ಕಡೆ ನಡೆದ.

ಮೈಲಾರಪ್ಪ ಬಂದು ಕೂತರು. ತಟ್ಟೆಯಿಂದ ಹಿಡಿ ಖಾರ ತಗೊಂಡರು.

"ತಡೀರಿ, ನಮ್ಮ ಮನಿಗೆ ಒಂದು ಫೋಟೋ ಕಳಸ್ತೇನಿ. ಚಮನಬಿಯವರೂ ಈಗಷ್ಟ ವೈ-ಫೈ ಹಾಕಿಸ್ಯಾರಂತ. ಜಾಕೀರನ ಅಂಗಡ್ಯಾಗ ಚಲೋ ಸಿಗ್ತೈತಿ, ಅಲ್ಲೇ ನೋಡ್ರಿ ಅಂದ್ರು."

ನೋಡಿದವರು ಹಿಡಿಯೊಳಗಿನ ಖಾರವನ್ನು ಮೆಲ್ಲಗೆ ತಟ್ಟೆಗೇ ಸುರಿದರು. ಫೋನನ್ನು ಜಾಕೀರನ ಕಡೆ ತಿರುಗಿಸಿದರು. ಅದರಲ್ಲಿದ್ದದ್ದು ಒಂದೇ ಹೆಸರು: 'ಜಾಕೀರ ಖಾರ ಕಮಟು'.

ಜಾಕೀರ ತನ್ನ ಪೆಟ್ಟಿಗೆಯನ್ನೂ ಮುಚ್ಚದೆ ಹಾಗೇ ಬಿಟ್ಟಿದ್ದರೆ ಇಬ್ಬರ ಜಗಳ ಅಂತಾದರೂ ತಿಳೀತಿತ್ತು.

"ಇಲ್ರೀ ಸಾಹುಕಾರ್ರ, ಮೊದಲ ನಾನ..." ಅಂದ. ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದ. ಮೈಲಾರಪ್ಪ ಚಪ್ಪಲಿ ಮೆಟ್ಟಿ ಚಮನಬಿಯ ಕಡೆಗೇ ಹೊರಟರು.

ಗೋಡೆಯಾಚೆಯಿಂದ ಮತ್ತೆ ಅದೇ ದನಿ.

"ಜಾಕೀರಾ, ನನ್ನ ವೈ-ಫೈನೂ ಮುಚ್ಚಾಕ ಡಬ್ಬಿ ಬೇಕೇನಪಾ? ಕಮಟು ಖಾರೆಲ್ಲಾ ಮಾರಿ ಖಾಲಿ ಮಾಡಿಟ್ಟೇನಿ."