ಮನೆ ಕಟ್ಟುವವರು

ಮೇಸ್ತ್ರಿ ತೀರಿಕೊಂಡ ಸುದ್ದಿ ದರ್ಜಿಗೆ ತಲುಪಿದ್ದು ಬೆಳಗಿನ ಹೊತ್ತು, ಅವನು ಒಂದು ಕಣ್ಣು ಮುಚ್ಚಿ ಸೂಜಿಗೆ ದಾರ ಪೋಣಿಸುತ್ತಿದ್ದಾಗ. ಸುದ್ದಿ ತಂದವನು ಎದುರು ಅಂಗಡಿಯ ಕ್ಷೌರಿಕ. ಅವನ ಕೈಯಲ್ಲಿ ಇನ್ನೂ ಕತ್ತಿಯಿತ್ತು. ಅಲ್ಲಿ ಅಂಗಡಿಯೊಳಗೆ ಅರ್ಧ ಮುಖಕ್ಕೆ ನೊರೆ ಹಚ್ಚಿಸಿಕೊಂಡ ಗಿರಾಕಿಯೊಬ್ಬ ಕಾಯುತ್ತಿದ್ದ. ಊರಿನ ಸುದ್ದಿಯೊಂದು ಬಾಯಿಗೆ ಬಂದರೆ ಕ್ಷೌರಿಕನಿಗೆ ಗಿರಾಕಿಯ ಮುಖದ ನೊರೆ ಆರುವುದು ಲೆಕ್ಕಕ್ಕಿಲ್ಲ.

“ಅಣ್ಣ, ಮೇಸ್ತ್ರಿ ಹೋದ್ರಂತೆ.”

“ಎಲ್ಲಿಗೆ?” ಎಂದ ದರ್ಜಿ, ದಾರದಿಂದ ಕಣ್ಣು ತೆಗೆಯದೆ. “ನಾಳೆ ನನ್ನ ಪಾಯ ಅಗೀತೀನಿ ಅಂದಿದಾರೆ. ಎಲ್ಲಿಗೆ ಹೋದ್ರೂ ಸಂಜೆಯೊಳಗೆ ಬರ್ತಾರೆ ಬಿಡು.”

“ವಾಪಸ್ ಬರೋ ಊರಿಗೆ ಹೋಗಿಲ್ಲ ಕಣಣ್ಣ. ಬೆಳಗಿನ ಜಾವ, ನಿದ್ದೆಯಲ್ಲೇ.”

ಸೂಜಿ ದರ್ಜಿಯ ಹೆಬ್ಬೆರಳಿಗೆ ಚುಚ್ಚಿತು. ಅವನಿಗೆ ಅದು ತಿಳಿಯಲಿಲ್ಲ.

ದರ್ಜಿ ಊರಾಚೆಯ ಹಳ್ಳಿಯಲ್ಲಿ ಒಂದು ತುಂಡು ಜಾಗ ಮಾಡಿಕೊಂಡಿದ್ದ. ಅಲ್ಲಿ ಎತ್ತರದ ಸೂರಿನ, ಪೂರ್ವಕ್ಕೆ ದೊಡ್ಡ ಕಿಟಕಿಯಿರುವ ಒಂದು ಮನೆ ಆಗಬೇಕು, ಕಿಟಕಿಯ ಕೆಳಗೆ ಹೊಲಿಗೆ ಯಂತ್ರ ಇಡಬೇಕು ಎಂಬುದು ಅವನ ಆಸೆ. ಆ ಮನೆಯನ್ನು ಅವನು ಕತ್ತರಿಸುವ ಮೇಜಿನ ಮೇಲೆ ಸೀಮೆಸುಣ್ಣದಿಂದ ಬರೆದಿಟ್ಟುಕೊಂಡಿದ್ದ. ಯಾರದೋ ಷರಾಯಿ ಹರಡಿದರೆ ಅಡುಗೆಮನೆ ಅಳಿಸಿಹೋಗುತ್ತಿತ್ತು. ಅಂಗಿ ಹರಡಿದರೆ ಪಡಸಾಲೆ ಹೋಗುತ್ತಿತ್ತು. ಅವನು ಬೇಸರವಿಲ್ಲದೆ ಮತ್ತೆ ಬರೆಯುತ್ತಿದ್ದ. ಬರೆಯುವುದು ಕಷ್ಟವಲ್ಲ, ಕಟ್ಟುವವರನ್ನು ಹುಡುಕುವುದೇ ಕಷ್ಟ. ಆ ಸುತ್ತಿನಲ್ಲಿ ನಂಬಿ ಕೆಲಸ ಕೊಡಬಹುದಾದವರು ಮೇಸ್ತ್ರಿಯೊಬ್ಬರೇ. ಅವರು ಕಟ್ಟಿದ ಗೋಡೆ ಬಿರುಕು ಬಿಟ್ಟದ್ದನ್ನು ಯಾರೂ ಕಂಡಿರಲಿಲ್ಲ. ಅವರು ಯಾರಿಗೂ ಗಡುಸಾಗಿ ಮಾತನಾಡಿದ್ದನ್ನೂ ಕೇಳಿರಲಿಲ್ಲ.

ದರ್ಜಿ ಬಾಡಿಗೆಗಿದ್ದ ಮನೆಯನ್ನು ಅಂದೇ ಸಂಜೆ ಬಿಟ್ಟುಕೊಡಬೇಕಿತ್ತು. ಮಾಲೀಕನಿಗೆ ತನ್ನ ಅಂಗಡಿಯ ಸರಕಿಡಲು ಜಾಗ ಬೇಕಾಗಿತ್ತು. ಹೊಸ ಮನೆ ಏಳುವತನಕ ಹೆಂಡತಿಯ ತಮ್ಮನ ಮನೆಯ ಮೇಲಿನ ಕೋಣೆಯಲ್ಲಿ ಇರುವುದೆಂದು ಮಾತಾಗಿತ್ತು. ಆ ಭಾವಮೈದುನ ಕೋಳಿ ಸಾಕುವವನು, ಮಾತಿನಲ್ಲಿ ಚುರುಕು. ಅವನು ಒಂದು ಷರತ್ತು ಹಾಕಿದ್ದ. ನಾಳೆ ಬಾವನ ಮನೆಯ ಕೆಲಸ ಶುರುವಾದರೆ ಸರಿ. ಆಗದಿದ್ದರೆ ಖಾಲಿ ಬಿದ್ದಿರುವ ಆ ಜಾಗದಲ್ಲಿ ತಾನು ಕೋಳಿಮನೆ ಎಬ್ಬಿಸುತ್ತೇನೆ, ಬಾವ ಬೇಡ ಅನ್ನಬಾರದು. ಮೇಸ್ತ್ರಿ ಮಾತು ಕೊಟ್ಟಿದ್ದಾರೆಂಬ ಧೈರ್ಯದಿಂದ ದರ್ಜಿ ನಕ್ಕು ಒಪ್ಪಿದ್ದ.

ಒಳಗೆ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದ ಹೆಂಡತಿ ಸುದ್ದಿ ಕೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಳ್ಳೆಯ ಜೀವ, ಬಂದಾಗಲೆಲ್ಲ ಒಂದು ಲೋಟ ನೀರು ಕುಡಿದು ಹೊಟ್ಟೆ ತಂಪಾಯಿತು ತಾಯಿ ಎನ್ನುತ್ತಿದ್ದರು ಎಂದು ನೆನೆದಳು. ಆಮೇಲೆ ಗಂಡನ ಮುಖ ನೋಡಿ ಮೆಲ್ಲಗೆ ಹೇಳಿದಳು.

“ಅವರ ಹತ್ರ ಕೆಲಸ ಕಲಿತೋರೆಲ್ಲಾ ಇವತ್ತು ಅಲ್ಲಿಗೆ ಬಂದೇ ಬರ್ತಾರೆ. ಮಣ್ಣಿಗೆ ಹೋಗಿ ಬನ್ನಿ. ಹಾಗೇ ಕಣ್ಣು ಬಿಟ್ಕೊಂಡು ಹೋಗಿ.”

ಸಾವಿನ ಮನೆಗೆ ಇನ್ನೊಬ್ಬ ಮೇಸ್ತ್ರಿಯನ್ನು ಹುಡುಕಿಕೊಂಡು ಹೋಗುವುದೇ ಎಂದು ದರ್ಜಿಗೆ ನಾಚಿಕೆಯಾಯಿತು. ಆದರೆ ತಾನು ಕಿಟಕಿ ಇಡಬೇಕೆಂದ ಜಾಗದಲ್ಲಿ ಹುಂಜವೊಂದು ಕತ್ತು ಚಾಚಿ ಕೂಗುವುದನ್ನು ನೆನೆದಾಗ ನಾಚಿಕೆ ಸ್ವಲ್ಪ ಹಿಂದೆ ಸರಿಯಿತು. ಅಷ್ಟರಲ್ಲಿ ಕ್ಷೌರಿಕ ಗಿರಾಕಿಯ ಮುಖದ ಇನ್ನರ್ಧವನ್ನು ಹೇಗೋ ಮುಗಿಸಿ ಅಂಗಡಿ ಮುಚ್ಚಿ ಬಂದಿದ್ದ. ತಾನಿಲ್ಲದೆ ದರ್ಜಿಗೆ ಮನುಷ್ಯರ ಗುರುತು ಹತ್ತುವುದಿಲ್ಲ ಎಂಬುದು ಅವನ ನಂಬಿಕೆ. ದಾರಿಯುದ್ದಕ್ಕೂ ಉಪದೇಶ ಮಾಡಿದ.

“ಮಾತು ಕೇಳಬೇಡ, ಬಟ್ಟೆ ನೋಡಬೇಡ. ಅಳು ನೋಡು. ದಿನಾ ಎಷ್ಟು ಮುಖ ಕೈಯಲ್ಲಿ ಹಿಡೀತೀನಿ ನಾನು! ನಗು ಸುಳ್ಳು ಹೇಳುತ್ತೆ, ಅಳು ಹೇಳಲ್ಲ. ಯಾರು ನಿಜವಾಗಿ ಅಳ್ತಾನೋ ಅವನೇ ನಿನ್ನ ಮನೆ ಕಟ್ಟೋನು.”

ಮೇಸ್ತ್ರಿಯ ಮನೆಯ ಮುಂದೆ ಓಣಿ ತುಂಬ ಜನ. ಊರಿಗೆಲ್ಲ ನುಣುಪಾದ ಗೋಡೆ ಕೊಟ್ಟವರ ಮನೆಗೆ ಗಾರೆಯೇ ಆಗಿರಲಿಲ್ಲ. ಬರಿಯ ಇಟ್ಟಿಗೆ ಕಾಣುತ್ತಿತ್ತು. ಒಳಗೆ ಅವರು ಬಿಳಿಯ ಹೊದಿಕೆಯ ಕೆಳಗೆ ಮಲಗಿದ್ದರು. ಮುಖ ಎಷ್ಟು ಸಮಾಧಾನವಾಗಿತ್ತೆಂದರೆ, ಎಬ್ಬಿಸಿದರೆ ‘ನಾಳೆ ಬರ್ತೀನಿ’ ಎಂದು ಮಗ್ಗುಲಾಗುವರೇನೋ ಅನ್ನಿಸುವಂತಿತ್ತು. ದರ್ಜಿ ಕೈಮುಗಿದು ನಿಂತ. ಆ ಕ್ಷಣ ಅವನಿಗೆ ಮನೆಯೂ ನೆನಪಾಗಲಿಲ್ಲ, ಕೋಳಿಯೂ ನೆನಪಾಗಲಿಲ್ಲ. ಒಬ್ಬ ಒಳ್ಳೆಯ ಮನುಷ್ಯ ಇನ್ನಿಲ್ಲ ಎಂಬುದಷ್ಟೇ ಎದೆಗೆ ತಟ್ಟಿತು.

ಹೊರಗೆ ಬಂದ ಮೇಲೆ ಕ್ಷೌರಿಕ ಅವನ ತೋಳು ಹಿಡಿದು ಒಬ್ಬೊಬ್ಬರನ್ನೇ ತೋರಿಸತೊಡಗಿದ. ಒಬ್ಬ ದಪ್ಪನೆಯ ಆಳು ಹೆಂಗಸರಿಗೆ ಸಮಾಧಾನ ಹೇಳುತ್ತಲೇ ಪಕ್ಕದ ಮನೆಯ ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡುತ್ತಿದ್ದ. ದರ್ಜಿ ಹತ್ತಿರ ಹೋಗಿ ಪಿಸುದನಿಯಲ್ಲಿ ವಿಚಾರಿಸಿದಾಗ, ತಾನು ಮೇಸ್ತ್ರಿಯ ಬಲಗೈ ಎಂದ. ಅಷ್ಟಕ್ಕೆ ಬಿಡದೆ, ಆಚೆ ನಿಂತಿರುವ ಬಿಳಿ ಅಂಗಿಯವನನ್ನು ಮಾತ್ರ ನಂಬಬೇಡಿ, ಅವನು ಕಟ್ಟಿದ ಗೋಡೆಗೆ ನೀವು ಒರಗಿದರೆ ಗೋಡೆಯೂ ನಿಮಗೆ ಒರಗುತ್ತದೆ ಎಂದು ಸೇರಿಸಿದ. ಬಿಳಿ ಅಂಗಿಯವನನ್ನು ವಿಚಾರಿಸಿದರೆ ಅವನೂ ಮೇಸ್ತ್ರಿಯ ಬಲಗೈಯೇ. ಆ ದಪ್ಪನೆಯವನು ಇಟ್ಟ ಬಾಗಿಲುಗಳನ್ನು ಮುಚ್ಚಲು ಮನೆಯವರೆಲ್ಲ ಸೇರಬೇಕು ಎಂದ. ಅಷ್ಟು ಹೇಳುವಷ್ಟರಲ್ಲಿ ಅವನ ಫೋನು ಜೋರಾಗಿ ಹಾಡಿತು. ಅವನು ಗೋಡೆಯ ಕಡೆ ತಿರುಗಿ, “ಸಿಮೆಂಟು ಮುಟ್ಟಿಸಿದ ಹಾಗೆ ಮಾಡೋ ಸಾಕು, ಗಾರೆ ಬಳಿದ ಮೇಲೆ ಯಾರಿಗೆ ಕಾಣುತ್ತೆ” ಎಂದು ಯಾರಿಗೋ ಹೇಳಿದ.

ಹೀಗೆ ಮೇಸ್ತ್ರಿಗೆ ಇನ್ನೂ ಅನೇಕ ಬಲಗೈಗಳು ಸಿಕ್ಕವು. ಯಾರ ಕಣ್ಣಲ್ಲೂ ನೀರಿರಲಿಲ್ಲ. ದರ್ಜಿಯ ಆಸೆ ಕಚ್ಚಾ ಹೊಲಿಗೆಯಂತೆ ಒಂದೊಂದೇ ಎಳೆ ಬಿಚ್ಚಿಕೊಳ್ಳತೊಡಗಿತು.

ಆಗ ಕ್ಷೌರಿಕ ಅವನ ಪಕ್ಕೆಗೆ ತಿವಿದ. ಓಣಿಯ ತಿರುವಿನಲ್ಲಿ, ಮರಳಿನ ಗುಡ್ಡೆಯ ಮೇಲೆ ಒಬ್ಬ ಬಡಕಲು ಮನುಷ್ಯ ಕೂತು ಅಳುತ್ತಿದ್ದ. ಸುಮ್ಮನೆ ಅಳುವುದಲ್ಲ, ಹೆಗಲು ಕುಲುಕಿಸಿ, ಹೆತ್ತ ತಂದೆಯನ್ನು ಕಳೆದುಕೊಂಡವನಂತೆ. ಅಂಗೈ ಒರಟಾಗಿತ್ತು. ಷರಾಯಿಯ ಅಂಚಿಗೆ ಸಿಮೆಂಟಿನ ಕಲೆ ಹತ್ತಿತ್ತು. ದರ್ಜಿ ಮೆಲ್ಲಗೆ ಹೋಗಿ ಪಕ್ಕದಲ್ಲಿ ಕೂತ. ಮೇಸ್ತ್ರಿ ನಿಮಗೆ ತುಂಬಾ ಹತ್ತಿರದವರೇ ಎಂದು ಕೇಳಿದ.

“ಹತ್ತಿರ ಅಂದ್ರೆ? ಬೆಳಗಾದ್ರೆ ಅವರ ಬಾಗಿಲಲ್ಲೇ ಇರ್ತಿದ್ದೆ. ಅವರು ಯಾವ ಕೆಲಸಕ್ಕೆ ಹೋದ್ರೂ ಹಿಂದೆ ಹಿಂದೆ ಹೋಗ್ತಿದ್ದೆ. ಇವತ್ತು ಕೈ ಬಿಟ್ಟು ಹೋಗಿಬಿಟ್ರಲ್ಲ ಸ್ವಾಮಿ.”

ದರ್ಜಿ ಇನ್ನಷ್ಟು ಹತ್ತಿರ ಸರಿದ. ಇವನೇ ನಿಜವಾದ ಶಿಷ್ಯ. “ನೀವು ಮನೆ ಕಟ್ಟೋರಾ?”

“ಕಟ್ತಾ ಇದೀನಿ. ಇಲ್ಲೇ ಹಳ್ಳೀಲಿ ಒಂದು. ಗೋಡೆ ಎದ್ದಿದೆ, ಸೂರಿಗೆ ನಿಂತಿದೆ.” ಅವನು ಮೂಗೊರೆಸಿಕೊಂಡು ದರ್ಜಿಯನ್ನು ನೋಡಿದ. “ತಾವು?”

“ನಾನೂ ಮನೆ ಕಟ್ಟೋನೇ. ಹಳ್ಳೀಲೇ. ಮೇಸ್ತ್ರಿಯವರ ಜೊತೆ ನಾಳೆ ಶುರು ಮಾಡೋದಿತ್ತು.”

ಆ ಮಾತಿಗೆ ಬಡಕಲು ಮನುಷ್ಯನ ಮುಖದಲ್ಲಿ ದೀಪ ಹಚ್ಚಿದಂತಾಯಿತು. ಅವನು ದರ್ಜಿಯ ಎರಡೂ ಕೈ ಹಿಡಿದುಕೊಂಡ. ದೇವರೇ ನಿಮ್ಮನ್ನು ಕಳಿಸಿದ ಎಂದ. ದರ್ಜಿಯೂ ಅದನ್ನೇ ಹೇಳಬೇಕೆಂದಿದ್ದ. ಮೋಸ ಮಾಡುವುದಿಲ್ಲ ತಾನೇ ಎಂದು ದರ್ಜಿ ಕೇಳಿದ. ಛೆ ಛೆ, ನಮ್ಮ ವಂಶದಲ್ಲೇ ಇಲ್ಲ ಎಂದ ಅವನು. ನಡುವೆ ಕೈ ಬಿಡುವುದಿಲ್ಲ ತಾನೇ ಎಂದು ಅವನು ಕೇಳಿದ. ಕೊನೆತನಕ ಬಿಡುವುದಿಲ್ಲ ಎಂದ ದರ್ಜಿ. ಇಷ್ಟು ಬಯಕೆಯಿಂದ ಕೆಲಸ ಹಿಡಿಯುವವನನ್ನು ದರ್ಜಿ ಈವರೆಗೆ ನೋಡಿರಲಿಲ್ಲ. ಕ್ಷೌರಿಕ ದೂರದಿಂದಲೇ ಹೇಗಿದೆ ನನ್ನ ಕಣ್ಣು ಎಂಬಂತೆ ಹುಬ್ಬು ಹಾರಿಸಿದ.

ಮಣ್ಣು ಕೊಟ್ಟು ಮರಳುವಾಗ ದರ್ಜಿಯ ಹೆಜ್ಜೆ ಹಗುರವಾಗಿತ್ತು. ದುಃಖದ ದಿನ ಇಷ್ಟು ಹಗುರವಾಗಬಾರದೆಂದು ಅವನು ಆಗಾಗ ತಲೆ ತಗ್ಗಿಸಿಕೊಳ್ಳುತ್ತಿದ್ದ. ಬಡಕಲು ಮನುಷ್ಯನೂ ಜೊತೆಗೇ ಬರುತ್ತಿದ್ದ. ಜಾಗ ಇವತ್ತೇ ನೋಡಿಬಿಡೋಣ ಎಂದು ಒಬ್ಬರಿಗೊಬ್ಬರು ಹೇಳಿಕೊಂಡಿದ್ದರು. ಊರ ಹೊರಗಿನ ರಸ್ತೆಗೆ ಬಂದಾಗ ಎದುರಿಗೆ ಟೆಂಪೋ ಬಂತು. ಸಾಮಾನು ಸಾಗಿಸಲೆಂದು ಭಾವಮೈದುನ ತನ್ನ ಹಳ್ಳಿಯಿಂದ ಅದೇ ತಾನೇ ಬರುತ್ತಿದ್ದ. ಕಿಟಕಿಯಿಂದ ಕತ್ತು ಹಾಕಿ, “ಏನ್ ಬಾವ, ನಾಳೆ ಪಾಯವೋ ಕೋಳಿಯೋ?” ಎಂದ.

“ಮೇಸ್ತ್ರಿ ಜೊತೆಗೇ ಇದಾರಪ್ಪ. ಗಾಡಿ ತಿರುಗಿಸು, ಜಾಗಕ್ಕೆ ಹೋಗಿ ಬರೋಣ” ಎಂದು ದರ್ಜಿ ಬಾಗಿಲು ತೆಗೆದು ರಾಜನಂತೆ ಹತ್ತಿ ಕೂತ. ಬಡಕಲು ಮನುಷ್ಯ ಅವನ ಪಕ್ಕದಲ್ಲಿ ಕೂತ. ಕ್ಷೌರಿಕ ಕರೆಯದಿದ್ದರೂ ಹಿಂದೆ ಹತ್ತಿದ. ಭಾವಮೈದುನ ಯಾಕೋ ದಾರಿಯುದ್ದಕ್ಕೂ ಬಡಕಲು ಮನುಷ್ಯನನ್ನೇ ಓರೆಗಣ್ಣಿನಿಂದ ನೋಡುತ್ತಿದ್ದ.

ಜಾಗ ಸೊಗಸಾಗಿತ್ತು. ಇಳಿಬಿಸಿಲು, ಮೆಲುಗಾಳಿ, ಮೂಲೆಯಲ್ಲೊಂದು ಬೇವಿನ ಮರ. ಬಡಕಲು ಮನುಷ್ಯ ಮಣ್ಣನ್ನು ಹಿಡಿಯಲ್ಲಿ ತೆಗೆದು ಪುಡಿಮಾಡಿ, ಗಟ್ಟಿ ನೆಲ, ಪಾಯಕ್ಕೆ ಒಳ್ಳೆಯದು ಎಂದ. ದರ್ಜಿಗೆ ಕಣ್ಣು ತುಂಬಿ ಬಂತು. ಮರದ ಬುಡದಲ್ಲಿ ತಂದಿಟ್ಟಿದ್ದ ಗುದ್ದಲಿಯನ್ನು ಎತ್ತಿ ಅವನ ಕೈಗೆ ಕೊಟ್ಟು, ನೀವೇ ಒಂದು ಏಟು ಹಾಕಿಬಿಡಿ, ನಾಳೆಗೆ ಶುಭವಾಗಲಿ ಎಂದ. ಅವನು ಗುದ್ದಲಿಯನ್ನು ವಿನಯದಿಂದ ಹಿಂದಕ್ಕೆ ಕೊಟ್ಟು, ತಾವೇ ಹಾಕಬೇಕು, ದೊಡ್ಡವರು ಎಂದ. ದರ್ಜಿ ಮತ್ತೆ ಕೊಟ್ಟ. ಅವನು ಮತ್ತೆ ಹಿಂದಿರುಗಿಸಿದ. ಗುದ್ದಲಿ ಹೋಗಿ ಬಂದು ಹೋಗಿ ಬಂದು, ನೋಡುತ್ತಿದ್ದ ಭಾವಮೈದುನನಿಗೆ ಕತ್ತು ನೋಯಿತು.

“ಅಲ್ಲಾ, ನಿಮ್ಮಿಬ್ಬರಲ್ಲಿ ಮೇಸ್ತ್ರಿ ಯಾರು?”

ದರ್ಜಿ ಬಡಕಲು ಮನುಷ್ಯನ ಕಡೆ ಕೈ ತೋರಿಸಿದ. ಅದೇ ಹೊತ್ತಿಗೆ ಬಡಕಲು ಮನುಷ್ಯ ದರ್ಜಿಯ ಕಡೆ ಕೈ ತೋರಿಸಿದ. ತೋರಿಸಿದ ಕೈಗಳು ಹಾಗೇ ನಿಂತವು.

“ನೀವು ಮನೆ ಕಟ್ಟೋರು ಅಂದ್ರಿ” ಎಂದ ದರ್ಜಿ.

“ನೀವೂ ಅಂದ್ರಿ.”

“ಕಟ್ಟೋದು ಅಂದ್ರೆ... ಕಟ್ಟಿಸೋದು.”

“ನಂದೂ ಅದೇ ಸ್ವಾಮಿ. ಅರ್ಧಕ್ಕೆ ನಿಂತ ಮನೆ. ನಾನೇ ದಿನಾ ಗೋಡೆಗೆ ನೀರು ಹಾಕ್ತಿದ್ದೆ. ನಾಳೆ ಸೂರು ಹಾಕ್ತೀನಿ ಅಂದಿದ್ರು. ಅದಕ್ಕೇ ಅವರ ಬಾಗಿಲು ಕಾಯ್ತಿದ್ದದ್ದು.”

ಭಾವಮೈದುನ ಬಾಯಿ ತೆರೆದು ನಕ್ಕ. “ಇಬ್ಬರಲ್ಲಿ ಒಬ್ಬರಾದ್ರೂ ‘ಕಟ್ಟಿಸ್ತೀನಿ’ ಅಂತ ಬಾಯಿ ತುಂಬ ಹೇಳಬಾರದಿತ್ತಾ? ಒಂದು ‘ಇಸು’ ಉಳಿಸೋಕೆ ಹೋಗಿ ಮನೇನೇ ಕಳ್ಕೊಂಡ್ರಲ್ಲ ಬಾವ.” ಕ್ಷೌರಿಕ ಮಾತ್ರ ಸೋಲಲಿಲ್ಲ. ಅಳು ಸುಳ್ಳು ಹೇಳುವುದಿಲ್ಲವೆಂದು ತಾನು ಹೇಳಿದ್ದು ನಿಜವೇ ಆಯಿತಲ್ಲ, ಮನುಷ್ಯ ತನ್ನ ಸೂರಿಗಾಗಿ ನಿಜವಾಗಿಯೇ ಅತ್ತಿದ್ದಾನೆ ಎಂದ.

ದರ್ಜಿ ಬೇವಿನ ಬುಡದಲ್ಲಿ ಕುಸಿದು ಕೂತ. “ಸರಿಯಪ್ಪ. ಮಾತಂದ್ರೆ ಮಾತು. ನಾಳೆಯಿಂದ ಕೋಳಿಮನೆ ಎಬ್ಬಿಸ್ಕೋ.”

“ಬಿಡಿ ಬಾವ, ಬೇಜಾರು ಮಾಡ್ಕೋಬೇಡಿ. ಆದರೆ ನಿಮ್ಮ ಹಳೇ ಮೇಸ್ತ್ರಿ ಏನಾದ್ರು? ಅವರನ್ನ ಬಿಟ್ಟು ಇವರ ಹಿಂದೆ ಯಾಕೆ ಬಿದ್ರಿ?”

“ಅವರೇ ಹೋಗಿಬಿಟ್ರಲ್ಲಪ್ಪ. ಈಗ ತಾನೇ ಮಣ್ಣು ಕೊಟ್ಟು ಬಂದ್ವಿ.”

ಭಾವಮೈದುನನ ಮುಖದ ನಗು ಒಮ್ಮೆಗೇ ಆರಿತು. ಅವನು ಟೆಂಪೋಗೆ ಒರಗಿ ನಿಂತ. ಯಾರಿಗೂ ಅಲ್ಲವೆಂಬಂತೆ, “ನಾಳೆ ಬರ್ತೀನಿ ಅಂದಿದ್ರು” ಎಂದ.

“ಎಲ್ಲಿಗೆ?”

“ಇಲ್ಲಿಗೇ. ನನ್ನ ಕೋಳಿಮನೆ ಕಟ್ಟೋಕೆ.”

ಮೇಸ್ತ್ರಿ ಒಂದೇ ನಾಳೆಯನ್ನು ಮೂವರಿಗೂ ಕೊಟ್ಟಿದ್ದರು. ಅದರಲ್ಲಿ ಇಬ್ಬರಿಗೆ ಒಂದೇ ಜಾಗದಲ್ಲಿ. ಆ ನಾಳೆ ಬಂದಿದ್ದರೆ ಅವರು ಕರಣೆ ಹಿಡಿದು ಯಾವ ಕಡೆ ತಿರುಗುತ್ತಿದ್ದರೋ! ಬಾಗಿಲಿಗೆ ಬಂದವರಿಗೆ ಇಲ್ಲವೆಂದು ಹೇಳಿ ನೋಯಿಸಲು ಬಾರದ ಮನುಷ್ಯ, ಯಾರ ಕಣ್ಣಿಗೂ ಸುಳ್ಳುಗಾರನಾಗದೆ ನಿದ್ದೆಯಲ್ಲೇ ದಾಟಿಹೋಗಿದ್ದರು.

ಮೊದಲು ನಕ್ಕವನು ಬಡಕಲು ಮನುಷ್ಯ. ಆಮೇಲೆ ದರ್ಜಿ ನಕ್ಕ. ಕೊನೆಗೆ ಭಾವಮೈದುನನೂ ಕಣ್ಣೊರೆಸಿಕೊಳ್ಳುತ್ತಲೇ ನಕ್ಕ. ಸಂಜೆ ಸಾಮಾನು ಮೇಲಿನ ಕೋಣೆಗೆ ಹೋಗಲೇಬೇಕಿತ್ತು. ಮನೆ ಇನ್ನೂ ಸೀಮೆಸುಣ್ಣದಲ್ಲೇ ಇತ್ತು. ಕಟ್ಟುವವರು ಯಾರೂ ಸಿಕ್ಕಿರಲಿಲ್ಲ. ಆದರೆ ಕೋಳಿಗಳಿಗೂ ಸಿಕ್ಕಿರಲಿಲ್ಲ ಎಂಬುದೊಂದೇ ದರ್ಜಿಗೆ ನೆಮ್ಮದಿ. ಅವನು ಎದ್ದು, ಯಾರೂ ಏಟು ಹಾಕದ ಆ ನೆಲದ ಮೇಲೆ ನಿಂತು ಕೈ ಜೋಡಿಸಿದ. ಉಳಿದವರೂ ಜೋಡಿಸಿದರು.

ದೇವರೇ, ನಾಳೆ ಎಂದು ಅವರು ನಮಗೆ ಕೊಟ್ಟ ಮಾತನ್ನೆಲ್ಲ ನಾವು ಇಲ್ಲಿಗೆ ಬಿಟ್ಟುಕೊಟ್ಟಿದ್ದೇವೆ. ಇನ್ನು ಅವರಿಗೆ ಯಾರ ಋಣವೂ ಇಲ್ಲ. ಯಾರಿಗೂ ಇಲ್ಲವೆನ್ನಲಾರದೆ ಬಾಳಿದ ಜೀವ ಈಗ ನಿನ್ನ ಬಾಗಿಲಿಗೆ ಬಂದಿದೆ. ನೀನೂ ಅವರಿಗೆ ಇಲ್ಲ ಎನ್ನಬೇಡ. ಅವರ ಆತ್ಮಕ್ಕೆ ಶಾಂತಿಯನ್ನು ಕೊಡು.