ಸ್ಟೋರ್ ರೂಮಿನಲ್ಲಿ ಎರಡು ಸ್ಟೂಲು

ಗಂಡಸರಿಗೆ ಒಂದು ಕಾಯಿಲೆ ಇದೆ. ನಲ್ಲಿ ಸೋರಿದರೂ ಸ್ಪ್ಯಾನರ್ ಹುಡುಕುತ್ತೇವೆ, ಹೆಂಡತಿ ಅತ್ತರೂ ಸ್ಪ್ಯಾನರ್ ಹುಡುಕುತ್ತೇವೆ. ಪಕ್ಕದಲ್ಲಿ ಕೂತು 'ಎಂತ ಆಯ್ತು?' ಎಂದು ಕೇಳಿದರೆ ಮುಗಿಯುವ ಕೆಲಸಕ್ಕೆ ಗೋಡೆ ಕೊರೆಯುವ ಜಾತಿ ನಮ್ಮದು. ಈ ಕಾಯಿಲೆ ನನ್ನಲ್ಲಿ ಎಷ್ಟು ಬಲಿತಿದೆಯೆಂದರೆ, ಊರಿಗೆ ಹೋಗಿ ಕೂತ ಹೆಂಡತಿಯನ್ನು ವಾಪಸು ಕರೆಸಿಕೊಳ್ಳಲು ಮನೆಯ ಸ್ಟೋರ್ ರೂಮನ್ನು ಚಂಡಮಾರುತಕ್ಕೂ ಜಗ್ಗದ ಕೋಣೆಯಾಗಿ ಮಾಡಿಸಿದೆ. ಅದೂ ಬಹರೇನಿನಲ್ಲಿ! ಇಷ್ಟು ವರ್ಷಗಳಲ್ಲಿ ಇಲ್ಲಿಗೆ ಚಂಡಮಾರುತ ದಾರಿ ತಪ್ಪಿಯೂ ಬಂದದ್ದನ್ನು ನಾನು ಕಂಡಿಲ್ಲ.

ಇಲ್ಲಿ ಬರುವುದು ಶಮಾಲ್. ಬಡಗು ದಿಕ್ಕಿನಿಂದ ಮರಳು ಹೊತ್ತು ಬರುವ ಗಾಳಿಗೆ ಅರಬ್ಬಿಯಲ್ಲಿ ಆ ಹೆಸರು. ಬೇರೆಯವರಿಗೆ ಅದು ಕಣ್ಣಿಗೆ ಬೀಳುವ ಧೂಳು, ನನಗೆ ಅನ್ನ ಕೊಡುವ ಧಣಿ. ಹಿದ್ ಬಂದರಿನ ಹತ್ತಿರದ ಒಂದು ಶಿಪ್ಪಿಂಗ್ ಆಫೀಸಿನಲ್ಲಿ ನನಗೆ ಕೆಲಸ. ಗಾಳಿ ಮಿತಿ ಮೀರಿದರೆ ಕ್ರೇನುಗಳನ್ನು ನಿಲ್ಲಿಸುತ್ತಾರೆ. ನಿಲ್ಲಿಸಿದ್ದಾರೆ ಎಂದು ಹಡಗಿನ ಏಜೆಂಟರಿಗೆಲ್ಲ ತಿಳಿಸಿ, ಅವರು ಫೋನಿನಲ್ಲಿ ಬಯ್ಯುವುದನ್ನು ಕೇಳಿಸಿಕೊಳ್ಳುವುದು ನನ್ನ ಉದ್ಯೋಗ. ಗಾಳಿಯನ್ನು ನಾನೇ ಬಿಟ್ಟೆನೇನೋ ಎಂಬಂತೆ ಬಯ್ಯುತ್ತಾರೆ. ಹಾಗಾಗಿ ಗಾಳಿಯ ದಿನ ಲೋಕವೆಲ್ಲ ಬೇಗ ಮನೆ ಸೇರಿದರೆ ನಾನು ಮಾತ್ರ ತಡವಾಗಿ ಸೇರುತ್ತೇನೆ. ಇಪ್ಪತ್ತು ವರ್ಷದಿಂದ ನನ್ನದು ಒಂದೇ ಪ್ರಾರ್ಥನೆ: ದೇವರೇ, ಈ ಹಾಳು ಗಾಳಿ ಒಮ್ಮೆ ನಿಲ್ಲಲಿ.

ಜೂನ್ ತಿಂಗಳ ಒಂದು ಮಧ್ಯಾಹ್ನ ಆ ಗಾಳಿ ಉಮ್ ಅಲ್ ಹಸ್ಸಮ್‌ನ ನಮ್ಮ ಹಳೇ ಕಟ್ಟಡದ ಮೂರನೇ ಮಾಳಿಗೆಗೇ ಬಂದು ಬಾಲ್ಕನಿಯ ಗಾಜಿನ ಬಾಗಿಲನ್ನು ಒಡೆದು ಹಾಕಿತು. ಒಂದು ನಿಮಿಷ ಮೊದಲಷ್ಟೇ ನನ್ನ ಹೆಂಡತಿ ವಸಂತಿ ಒಣಗಿದ ಬಟ್ಟೆ ಎತ್ತಿಕೊಂಡು ಅದೇ ಬಾಗಿಲಿನಿಂದ ಒಳಗೆ ಬಂದಿದ್ದಳು. ಮೂರು ಸಲ ನನಗೆ ಫೋನ್ ಮಾಡಿದಳು. ಮೂರು ಸಲವೂ ಕಟ್ ಮಾಡಿ ನಾನು ಒಂದು ಮೆಸೇಜ್ ಹಾಕಿದೆ: 'ವಿಂಡ್ ಸ್ಟಾಪೇಜ್. ಬ್ಯುಸಿ. ಲೇಟರ್.' ಏಜೆಂಟರಿಗೆ ಕಳಿಸುವ ಮೆಸೇಜಿಗೂ ಹೆಂಡತಿಗೆ ಕಳಿಸಿದ್ದಕ್ಕೂ ಇದ್ದ ವ್ಯತ್ಯಾಸವೆಂದರೆ, ಏಜೆಂಟರದ್ದರ ಕೊನೆಯಲ್ಲಿ 'ರಿಗಾರ್ಡ್ಸ್' ಇರುತ್ತದೆ. ಸಂಜೆ ಮನೆಗೆ ಬಂದಾಗ ಅವಳು ಗಾಜಿನ ಚೂರುಗಳನ್ನೆಲ್ಲ ಗುಡಿಸಿ ರಾಶಿ ಹಾಕಿ, ಹಿಡಿಸೂಡಿ ಹಿಡಿದುಕೊಂಡೇ ಕುರ್ಚಿಯಲ್ಲಿ ಕೂತಿದ್ದಳು. ಕಣ್ಣು ಕೆಂಪಾಗಿತ್ತು. ನಾನು ಒಂದು ಚೂರು ಎತ್ತಿ ಬೆಳಕಿಗೆ ಹಿಡಿದು ಆಡಿದ ಮೊದಲ ಮಾತು, "ಛೆ, ಇದು ಬರೀ ನಾಲ್ಕು ಎಂ.ಎಂ. ಗ್ಲಾಸು ಮಾರಾಯ್ತಿ!" ಈಗ ನೆನೆಸಿಕೊಂಡರೆ ನನ್ನ ಕಪಾಳಕ್ಕೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಒಂದು ವಾರ ಬಿಟ್ಟು ವಸಂತಿ ಕೋಟೇಶ್ವರದ ತವರಿಗೆ ಹೊರಟಳು. ಡಾಕ್ಟರಿಗೆ ಹಲ್ಲು ತೋರಿಸಿಕೊಂಡು ಹದಿನೈದು ದಿನದಲ್ಲಿ ಬರುತ್ತೇನೆ ಎಂದಳು. ಹದಿನೈದು ದಿನ ಹೋಗಿ ತಿಂಗಳಾಯಿತು, ಒಂದು ತಿಂಗಳು ಹೋಗಿ ಎರಡಾಯಿತು. ಮನುಷ್ಯರಿಗೆ ಇರುವುದೇ ಮೂವತ್ತೆರಡು ಹಲ್ಲು. ದಿನಕ್ಕೊಂದರಂತೆ ತೋರಿಸಿದ್ದರೂ ಅಷ್ಟರಲ್ಲಿ ಮುಗಿಯಬೇಕಿತ್ತು. "ಗಾಳಿಗೆ ಹೆದರಿ ಊರಲ್ಲಿ ಕೂತಿದ್ದೀಯಲ್ಲ, ನಿಮ್ಮ ಕೋಟೇಶ್ವರದಲ್ಲಿ ಗಾಳಿ ಬಂದ್ರೆ ಹಂಚೇ ಹಾರಿ ಹೋಗ್ತದೆ!" ಎಂದು ಒಂದು ದಿನ ಫೋನಿನಲ್ಲಿ ತಗಾದೆ ತೆಗೆದೆ. "ಹಾರ್ತದೆ," ಎಂದಳು. "ಹಾರಿದ್ರೆ ಆಚೆ ಮನೆಯವ್ರು ಬೇಲಿ ಹತ್ರ ಬಂದು 'ಹೋಯ್, ವಸಂತೀ, ಇದ್ಯಾ?' ಅಂತ ಕೇಳ್ತಾರೆ. ನಾನು 'ಹೋಯ್, ಇದ್ದೆ' ಅಂತೇನೆ. ಅಲ್ಲಿ ಯಾರು ಕೇಳ್ತಾರೆ? ಗಾಳಿಯೇ ಕೇಳ್ಬೇಕು." ಇಷ್ಟು ಉದ್ದದ ಮಾತಿನಲ್ಲಿ ನನ್ನ ಕಿವಿಗೆ ಬಿದ್ದದ್ದು ಒಂದೇ ಶಬ್ದ, ಗಾಳಿ. ಸರಿ, ಗಾಳಿ ತಾನೇ ಸಮಸ್ಯೆ? ಸ್ಪ್ಯಾನರ್ ಎಲ್ಲಿ?

ಅಷ್ಟರಲ್ಲಿ ನನ್ನ ಪಾಡು ನಾಯಿಪಾಡಾಗಿತ್ತು. ಬೆಳಿಗ್ಗೆ ಕೈ ತಾನಾಗಿಯೇ ಚಹಾಕ್ಕೆ ಎರಡು ಲೋಟ ನೀರಿಡುತ್ತಿತ್ತು. ಎರಡನೆಯದನ್ನು ಚೆಲ್ಲಲು ಮನಸ್ಸು ಬಾರದೆ ನಾನೇ ಕುಡಿದು, ಮಧ್ಯಾಹ್ನದವರೆಗೆ ಎದೆಯುರಿ. ಸ್ನಾನದ ಕೋಣೆಯ ಕನ್ನಡಿಗೆ ಅವಳು ಅಂಟಿಸಿಟ್ಟು ಹೋದ ಸ್ಟಿಕ್ಕರ್ ಬೊಟ್ಟು ಸರಿಯಾಗಿ ನನ್ನ ಹಣೆಯ ಮಧ್ಯಕ್ಕೇ ಬರುತ್ತಿತ್ತು. ಕೀಳಲಿಲ್ಲ. ಎರಡು ತಿಂಗಳು ಬೊಟ್ಟು ಇಟ್ಟುಕೊಂಡೇ ಗಡ್ಡ ಹೆರೆದೆ. ಅವಳಿರುವಾಗ 'ಸ್ವಲ್ಪ ಮೆಲ್ಲಗೆ ಮಾತಾಡು, ನ್ಯೂಸ್ ಕೇಳಿಸುವುದಿಲ್ಲ' ಎನ್ನುತ್ತಿದ್ದವನು ನಾನೇ. ಈಗ ನ್ಯೂಸ್ ಎಲ್ಲ ಸ್ಪಷ್ಟವಾಗಿ ಕೇಳಿಸುತ್ತಿತ್ತು, ಒಂದೂ ಬೇಕಿರಲಿಲ್ಲ. ನನಗೆ ಅವಳು ಬೇಕಿತ್ತು. ಅದೊಂದನ್ನು ಹೇಳುವುದು ಬಿಟ್ಟು ಬೇರೆಲ್ಲ ಮಾಡಿದೆ.

ಇದರ ನಡುವೆ ಅತ್ತೆಯವರದೊಂದು ಅಧ್ವಾನ. ಅವರಿಗೆ ಕಿವಿ ಸ್ವಲ್ಪ ಮಂದ. ಕುಂದಾಪುರದ ಕಡೆ ಹೆಂಗಸರನ್ನೂ 'ಅದು ಬಂತು, ಇದು ಹೋಯಿತು' ಎನ್ನುವ ರೂಢಿ ಬೇರೆ, ಹೆಣ್ಣುಮಕ್ಕಳನ್ನು ಕರೆಯುವುದು 'ಹೆಣೇ' ಎಂದು. ವಸಂತಿ ಸ್ಪೀಕರ್ ಹಾಕಿಕೊಂಡು ತೆಂಗಿನಕಾಯಿ ತುರಿಯುತ್ತಿದ್ದಾಗ ನಾನು, "ಇವತ್ತೂ ಶಮಾಲ್ ಬಂತು. ಸಂಜೆವರೆಗೂ ಇತ್ತು. ಹಾಸಿಗೆ ಎಲ್ಲ ಹಾಳು ಮಾಡಿ ಹೋಯ್ತು," ಎಂದೆ. ಆ ಕಡೆಯಿಂದ ಅತ್ತೆಯವರ ಗಾಬರಿಯ ದನಿ: "ಹೆಣೇ, ಅದ್ಯಾರ್ ಶ್ಯಾಮಲ? ದಿನಾ ಎಂತಕ್ ಬತ್ತ್ ಅದ್?" ವಸಂತಿ ನಕ್ಕಿದ್ದು ಎಷ್ಟು ಜೋರೆಂದರೆ, ಎರಡು ತಿಂಗಳ ಮೇಲೆ ನಮ್ಮ ಮನೆಯಲ್ಲಿ ಅವಳ ನಗು ಕೇಳಿಸಿತು. ಫೋನಿನೊಳಗಿಂದಾದರೂ ಸರಿ. ಅಂದಿನಿಂದ ಅವಳೂ "ನಿಮ್ಮ ಶ್ಯಾಮಲ ಬಂದಿದ್ಲಾ?" ಎಂದೇ ಕೇಳತೊಡಗಿದಳು. ನಗು ಬಂತು, ಆದರೆ ಅವಳು ಮಾತ್ರ ಬರಲಿಲ್ಲ.

ಇಂಟರ್‌ನೆಟ್‌ನಲ್ಲಿ ನನಗೊಂದು ದಪ್ಪ ಕೈಪಿಡಿ ಸಿಕ್ಕಿತು. ಇದ್ದ ಮನೆಯೊಳಗಿನ ಜಾಗವನ್ನೇ ಚಂಡಮಾರುತದಿಂದ ಕಾಪಾಡುವ ಕೋಣೆಯಾಗಿ ಬದಲಿಸುವುದು ಹೇಗೆ ಎಂಬುದು ವಿಷಯ. ಬರೆದವರ ದೇಶದಲ್ಲಿ ಚಂಡಮಾರುತಗಳಿಗೆ ಮನುಷ್ಯರ ಹೆಸರನ್ನೇ ಇಡುತ್ತಾರಂತೆ. ಓದಿ, ಅತ್ತೆಯವರ ಮೇಲೆ ನನಗೆ ಗೌರವ ಹೆಚ್ಚಿತು. ಕೋಣೆಗೆ ಕಿಟಕಿ ಇರಬಾರದು, ಹೊರಗೋಡೆಗೆ ತಾಗಬಾರದು, ಉಕ್ಕಿನ ಬಾಗಿಲಿಗೆ ಮೂರು ಬಿಜಾಗರಿ, ಮೂರು ಕಡೆ ಅಗುಳಿ ಬೇಕು, ಒಳಗೆ ನೀರು, ಟಾರ್ಚು, ಸೀಟಿ ಇರಬೇಕು. ನಮ್ಮ ಫ್ಲ್ಯಾಟಿನಲ್ಲಿ ಕಿಟಕಿಯಿಲ್ಲದ ಕೋಣೆ ಒಂದೇ, ಅಡುಗೆಮನೆಯ ಪಕ್ಕದ ಸ್ಟೋರ್ ರೂಮು. ಆದರೆ ಅಲ್ಲಿ ವಸಂತಿಯ ಕಾರ್ಟನ್‌ಗಳಿದ್ದವು.

ಗಲ್ಫಿನಲ್ಲಿ ಇದ್ದವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಇಲ್ಲಿನ ಪ್ರತಿ ಮನೆಯಲ್ಲೂ ಊರಿಗೆ ಒಯ್ಯುವ ಸಾಮಾನಿನ ಒಂದು ರಾಶಿ ವರ್ಷವಿಡೀ ಬೆಳೆಯುತ್ತಿರುತ್ತದೆ. ಹೋಗುವಾಗ ತೂಕ ಹೆಚ್ಚಾಯಿತೆಂದು ಅರ್ಧ ಇಲ್ಲೇ ಉಳಿದು, ಮತ್ತೆ ಬೆಳೆಯುತ್ತದೆ. ನಮ್ಮಲ್ಲಿದ್ದವು ಐದು ಕಾರ್ಟನ್. ಪ್ರತಿಯೊಂದರ ಮೇಲೂ ಮಾರ್ಕರ್ ಪೆನ್ನಿನಲ್ಲಿ ಅವಳ ಗುಂಡಗಿನ ಅಕ್ಷರ: 'ಊರಿಗೆ. ಯಾರೂ ಮುಟ್ಟಬೇಡಿ.' ಮನೆಯಲ್ಲಿದ್ದವರೇ ಇಬ್ಬರು, ಆ 'ಯಾರೂ' ಯಾರೆಂದು ಊಹಿಸಬಹುದು. ಒಂದರ ಹಗ್ಗ ಬಿಚ್ಚಿದರೆ ಕಂಬಳಿ, ಗಟ್ಟಿಯಾದ ಹಾಲಿನ ಪುಡಿ, ಅವಳ ತಂಗಿಯ, ಈಗ ಕಾಲೇಜಿಗೆ ಹೋಗುವ ಮಗಳಿಗೆಂದು ಕೊಂಡಿದ್ದ ಎರಡು ವರ್ಷದ ಮಗುವಿನ ಫ್ರಾಕು. ಎಲ್ಲಕ್ಕಿಂತ ಅಡಿಯಲ್ಲಿ ಮಾವನವರಿಗೆಂದು ತಂದ ಶೇವಿಂಗ್ ಸೆಟ್ಟು. ಅವರು ತೀರಿಕೊಂಡು ಐದು ವರ್ಷವಾಯಿತು. ಅವಳು ಅದನ್ನು ಹೊರಗೆ ತೆಗೆದಿರಲಿಲ್ಲ, ನನಗೂ ಒಂದು ಮಾತು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲವೆನ್ನಿ. ಮೆಲ್ಲಗೆ ಮುಚ್ಚಿ, ಹಗ್ಗ ಕಟ್ಟಿ, ಐದನ್ನೂ ಒಯ್ದು ಹಾಸಿಗೆಯ ಮೇಲೆ ಅವಳು ಮಲಗುವ ಕಡೆ ಇಟ್ಟೆ.

ಮನೆಯ ಮಾಲೀಕರು ವಯಸ್ಸಾದ ಬಹರೇನಿ. ಅನುಮತಿ ಕೇಳಿದಾಗ, "ಹರಿಕೇನ್? ಬಹರೇನ್ ಮಾಫಿ ಹರಿಕೇನ್! ಬಸ್ ಗುಬಾರ್," ಎಂದರು. ಚಂಡಮಾರುತ ಇಲ್ಲ, ಬರೀ ಧೂಳು ಎಂದು ಅರ್ಥ. ಮದಾಮ್ ಹೆದರಿ ಇಂಡಿಯಾಕ್ಕೆ ಹೋಗಿದ್ದಾರೆ ಎಂದು ನನ್ನ ಹರಕು ಅರಬ್ಬಿಯಲ್ಲಿ ಬಿನ್ನವಿಸಿಕೊಂಡೆ. ಮುದುಕರು ಜಪಮಾಲೆ ನಿಲ್ಲಿಸಿ, ಕೋಣೆ ಮಾಡಿದರೆ ಮದಾಮ್ ಬರುತ್ತಾರೋ ಎಂದು ಕೇಳಿದರು. "ಇನ್‌ಶಾ ಅಲ್ಲಾಹ್," ಎಂದೆ. "ಖಲಾಸ್! ಮಾಡು. ನೀರಿನ ಪೈಪು ಮಾತ್ರ ಮುಟ್ಟಬೇಡ." ಬಾಗಿಲು ಮಾಡಿಸಿದ್ದು ಸಲ್ಮಾಬಾದ್‌ನ ವರ್ಕ್‌ಶಾಪಿನ ಪಾಕಿಸ್ತಾನಿ ವೆಲ್ಡರ್ ಉಸ್ತಾದನ ಹತ್ತಿರ. ಆರು ಜನ ಉಸಿರುಗಟ್ಟಿ ಮಾಳಿಗೆಗೆ ಹೊತ್ತರು. "ಸಾಬ್, ಯೇ ಕಮ್ರಾ ಹೈ ಯಾ ತಿಜೋರಿ?" ಎಂದು ಉಸ್ತಾದ ಬೆವರು ಒರೆಸಿಕೊಂಡ. ಹೆಂಡತಿ ಬರಲಿ ಎಂದು ಮಾಡಿಸುತ್ತಿದ್ದೇನೆ ಎಂದೆ. ಅವನು ಅಗುಳಿಗೆ ಎಣ್ಣೆ ಬಿಡುತ್ತಾ, "ಹಮಾರೀ ವಾಲೀ ತೋ ಬಿನಾ ದರ್ವಾಜೇ ಕೇ ಆ ಜಾಯೇ ಸಾಬ್, ವೀಸಾ ನಹೀಂ ಹೈ," ಎಂದ. ತನ್ನವಳು ಬಾಗಿಲಿಲ್ಲದ ಮನೆಗಾದರೂ ಬಂದಾಳು, ವೀಸಾ ಇಲ್ಲವಷ್ಟೇ ಎಂದು. ವೀಸಾ ಇದ್ದೂ ಹೆಂಡತಿಯನ್ನು ಊರಿಗೆ ಓಡಿಸಿದ ನಾನು ಅವನ ಮುಖ ನೋಡಲಾರದೆ ಬಿಜಾಗರಿ ನೋಡುತ್ತಾ ನಿಂತೆ.

ಕೋಣೆ ತಯಾರಾದ ಶುಕ್ರವಾರ ಪರೀಕ್ಷೆಗೆಂದು ನಾನೊಬ್ಬನೇ ಒಳಗೆ ಹೋಗಿ, ಮೂರೂ ಅಗುಳಿ ಹಾಕಿ, ಸ್ಟೂಲಿನ ಮೇಲೆ ಕೂತೆ. ಹೊರಗೆ ಗಾಳಿ ಬೀಸುತ್ತಿತ್ತು, ಒಳಗೆ ಒಂದಿಷ್ಟೂ ಕೇಳಿಸಲಿಲ್ಲ. ಭಲೇ ಎಂದುಕೊಂಡೆ. ವಸಂತಿಗೆ ಹೇಳೋಣವೆಂದು ಫೋನ್ ತೆಗೆದರೆ ಸಿಗ್ನಲ್ಲೇ ಇಲ್ಲ. ಟಾರ್ಚು ನನ್ನನ್ನು ನೋಡಿತು, ನಾನು ಟಾರ್ಚನ್ನು ನೋಡಿದೆ. ಐದು ನಿಮಿಷಕ್ಕೆ ದಿಗಿಲು ಹತ್ತಿತು. ಜಗತ್ತಿನಲ್ಲಿ ಏನು ಆದರೂ ನನಗೆ ಗೊತ್ತಾಗದು, ನನಗೇನಾದರೂ ಆದರೆ ಯಾರಿಗೂ ಗೊತ್ತಾಗದು. ಯಾಕೋ ಬಾಯಿಗೆ "ಹೋಯ್" ಎಂದು ಬಂತು. ಮತ್ತೊಮ್ಮೆ ಸ್ವಲ್ಪ ಜೋರಾಗಿ, "ಹೋಯ್!" ಉತ್ತರ ಕೊಡುವವರು ಇರಲಿಲ್ಲ. ಆಗ ಈ ದಡ್ಡನ ಮಂಡೆಗೆ ಹೊಳೆಯಿತು, ಅವಳು ಫೋನಿನಲ್ಲಿ ಹೇಳಿದ್ದು ಗಾಳಿಯ ವಿಷಯವಾಗಿರಲಿಲ್ಲ. ಅಂದು ಮೂರು ಸಲ ಫೋನ್ ಮಾಡಿದ್ದೂ ಗಾಜಿನ ವಿಷಯ ಹೇಳಲಿಕ್ಕಲ್ಲ. 'ಹೋಯ್' ಎಂದಿದ್ದಳು. ನಾನು 'ಲೇಟರ್' ಎಂದಿದ್ದೆ. ಎದ್ದು ಹೊರಗೆ ಹೋಗಿ ಅಡುಗೆಮನೆಯಿಂದ ಇನ್ನೊಂದು ಸ್ಟೂಲು ತಂದು ಎದುರಿಗೆ ಇಟ್ಟೆ. ಕೋಣೆ ಎಷ್ಟು ಚಿಕ್ಕದೆಂದರೆ, ಇಬ್ಬರು ಕೂತರೆ ಮೊಣಕಾಲಿಗೆ ಮೊಣಕಾಲು ತಾಗಲೇಬೇಕು.

ಫೋಟೋ ತೆಗೆದು, ಹಾಲ್‌ಗೆ ಬಂದು ಕಳಿಸಿದೆ. ಅಗುಳಿ, ಬಿಜಾಗರಿ ಎಲ್ಲ ಕಾಣುವಂತೆ ತೆಗೆದಿದ್ದೆ. ಕೂಡಲೇ ಫೋನ್ ಬಂತು.

"ಅದೆಂತ, ಎರಡು ಸ್ಟೂಲು?"

"ಹ್ಞಾಂ, ಎರಡು."

"ಒಂದು ನನ್ಗೆ. ಇನ್ನೊಂದು ಯಾರಿಗೆ, ನಿಮ್ಮ ಶ್ಯಾಮಲಂಗಾ?"

"ನನಗೆ."

"ಗಾಳಿ ದಿನ ನೀವು ಹಿದ್‌ನಲ್ಲಿ ಇರುದಲ್ವಾ?"

"ಇನ್ನು ಮನೆಗೆ ಬರ್ತೇನೆ. ನೀನು ಹೋಯ್ ಅಂದ್ರೆ ಹೋಯ್ ಅನ್ಲಿಕ್ಕೆ ಒಬ್ಬ ಬೇಕಲ್ಲ. ನನ್ಗೆ ಇಲ್ಲಿ ಒಬ್ಬನಿಗೆ ಆಗುದಿಲ್ಲ ವಸಂತಿ."

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ನಾನು ಸ್ಪ್ಯಾನರ್ ಹಿಡಿಯದೆ ಆಡಿದ ಮೊದಲ ಮಾತು ಅದು. ಆ ಕಡೆ ಮೂಗು ಒರೆಸಿಕೊಂಡಂತೆ ಕೇಳಿಸಿತು. ಹಿಂದಿನಿಂದ ಅತ್ತೆಯವರು, "ಎಂತ ಹೆಣೆ, ಎಂತ ಆಯ್ತ್?" ಎಂದರು. ವಸಂತಿ ಅವರಿಗೆ, "ಎಂತ ಇಲ್ಲೆ ಅಮ್ಮ, ನನ್ ಹಲ್ಲ್ ಸರಿ ಆಯ್ತ್," ಎಂದಳು. ಮತ್ತೆ ನನಗೆ, "ಟಿಕೆಟ್ ಮಾಡಿ. ಅದಿರ್ಲಿ, ನನ್ನ ಕಾರ್ಟನ್‌ಗಳನ್ನು ಎಲ್ಲಿ ಹಾಕಿದ್ರಿ?"

ಟಿಕೆಟ್ ಆಗಿದೆ. ಬರುವ ಗುರುವಾರ ಬರುತ್ತಾಳೆ. ಗಾಳಿಯ ದಿನ ಮನೆಯಿಂದಲೇ ನೋಟಿಸ್ ಕಳಿಸುತ್ತೇನೆ ಎಂದು ಮ್ಯಾನೇಜರ್ ಹತ್ತಿರ ಗೋಗರೆದು ಒಪ್ಪಿಸಿದ್ದೇನೆ. ನಾನು ಕೂರುವ ಕೋಣೆಯಲ್ಲಿ ಸಿಗ್ನಲ್ ಇಲ್ಲ ಎಂಬುದನ್ನು ಮಾತ್ರ ಹೇಳಿಲ್ಲ. ಗಾಳಿ ಬಂದ ದಿನ ಅವರಿಗೆ 'ವಿಂಡ್ ಸ್ಟಾಪೇಜ್. ಬ್ಯುಸಿ. ಲೇಟರ್' ಎಂದು ಹಾಕಿ ಬಾಗಿಲು ಮುಚ್ಚುವುದೆಂದು ತೀರ್ಮಾನಿಸಿದ್ದೇನೆ. ಕೊನೆಯಲ್ಲಿ ರಿಗಾರ್ಡ್ಸ್ ಸೇರಿಸುತ್ತೇನೆ.

ಆದರೆ ನಮ್ಮ ಗ್ರಹಚಾರ ನೋಡಿ. ನಿನ್ನೆ ಆಫೀಸಿಗೆ ಹವಾಮಾನದ ವರದಿ ಬಂತು. ಗಾಳಿಯ ಕಾಲ ಮುಗಿಯಿತು, ಮುಂದಿನ ವಾರವಿಡೀ ಸಮುದ್ರ ಶಾಂತ. ಎಲ್ಲರೂ ಖುಷಿಪಟ್ಟರು. ನಾನೊಬ್ಬ ಮುಖ ಸಿಂಡರಿಸಿಕೊಂಡು ಕಿಟಕಿಯ ಹತ್ತಿರ ಹೋಗಿ ಬಡಗು ದಿಕ್ಕಿಗೆ ನೋಡುತ್ತಾ ನಿಂತೆ. ಇಪ್ಪತ್ತು ವರ್ಷ ಬೇಡ ಬೇಡವೆಂದರೂ ಬಂದೆಯಲ್ಲ ಶ್ಯಾಮಲಾ, ಬರುವ ಗುರುವಾರ ಒಂದು ಅರ್ಧ ಗಂಟೆ ಬಂದು ಹೋಗಲಿಕ್ಕೆ ನಿನಗೇನು ಧಾಡಿ?