‘ಹೆಸರು ಆಮೇಲೆ’ ಎಂದು ಹೋದ ನನ್ನ ದೋಣಿ

ವಾಬೆನ್ ಪೈಕ್ಸ್ ಬೇಸ್‌ಬಾಲ್ ತಂಡದ ಜನರಲ್ ಮ್ಯಾನೇಜರ್, ಈ ವರ್ಷದ ಶ್ರೇಷ್ಠ ಆಡಳಿತಗಾರ ಪ್ರಶಸ್ತಿಯಿಂದ ಭೂಷಿತರಾದ ಶ್ರೀಮಾನ್ ಗ್ರೇಡನ್ ಪೆಲ್‌ಟಿಯರ್ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ಬೇಸ್‌ಬಾಲ್ ಆಟಕ್ಕೆ, ಆಟಗಾರರು ಓಡಿ ಮುಟ್ಟಬೇಕಾದ ಮೂರನೆಯ ಬೇಸನ್ನು ಸೇರಿಸಿದವನು ನಾನೇ ಎಂಬುದು ತಮಗೆ ತಿಳಿದೇ ಇರುತ್ತದೆ. ಅದಕ್ಕೆ ಮೊದಲು ಆಟಗಾರರು ಎರಡನೆಯದನ್ನು ಮುಟ್ಟಿ, ಮುಂದಿನ ದಾರಿ ತೋಚದೆ, ನೆಟ್ಟಗೆ ಜೋಳದ ಹೊಲಕ್ಕೆ ನುಗ್ಗಿ ಕಾಣೆಯಾಗುತ್ತಿದ್ದರು. ಒಂದೇ ಕೋಣೆಯ ನಮ್ಮೂರ ಶಾಲೆಯಲ್ಲಿ ಎಂಟನೆಯ ತರಗತಿಯವರೆಗೆ, ಅದರಲ್ಲೂ ಆರನೆಯದನ್ನು ರುಚಿ ಹತ್ತಿ ಎರಡು ಸಲ ಓದಿದ ನನಗೆ ಇಂಥವು ಹೊಳೆಯುವುದು ಸಹಜ. ಇದನ್ನು ಹೇಳಿಕೊಂಡದ್ದು ದೊಡ್ಡಸ್ತಿಕೆಗಲ್ಲ. ಬರೆಯುತ್ತಿರುವವನು ತಮಗೆ ಸರಿಸಮಾನನು ಎಂಬ ಧೈರ್ಯ ತಮಗಿರಲಿ ಎಂದಷ್ಟೆ.

ತಾವು ನಮ್ಮೂರಿನ ಇದೇ ಮೈದಾನದ ಮೆಟ್ಟಿಲುಗಳ ಮೇಲೆ ಕಡಲೆಕಾಯಿ ಮಾರುತ್ತಿದ್ದ ಕಾಲದಲ್ಲಿ, ಈ ಮನುಷ್ಯ ಜನರಿಗೆ ಏನನ್ನು ಬೇಕಾದರೂ ಮಾರಬಲ್ಲ ಎಂದು ಮೊದಲು ಗುರುತಿಸಿದವನು ನಾನು. ಪೊಟ್ಟಣದಲ್ಲಿ ಅರ್ಧ ಬರೀ ಸಿಪ್ಪೆಯಿದ್ದರೂ ಎರಡನೆಯದನ್ನು ಕೊಂಡವನೂ ನಾನೇ. ಅಲ್ಲಿಂದ ತಾವು ಮಳೆ ಬಂದಾಗ ಮೈದಾನಕ್ಕೆ ಟಾರ್ಪಾಲು ಹೊದಿಸುವ ಕೆಲಸಕ್ಕೆ, ಆಮೇಲೆ ಟಿಕೆಟ್ ಕಿಂಡಿಗೆ, ಮೂವತ್ತಾರನೆಯ ವಯಸ್ಸಿಗೆ ಮ್ಯಾನೇಜರರ ತಿರುಗುವ ಕುರ್ಚಿಗೆ ಏರಿದ್ದನ್ನು ಕಂಡು, ಸ್ವಂತ ಮಗನಿಗೂ ಪಡದಷ್ಟು ಹೆಮ್ಮೆ ಪಟ್ಟಿದ್ದೇನೆ. ನನಗೆ ಮಗನಿಲ್ಲ ಎಂಬುದು ಬೇರೆ ಮಾತು.

ಈಗ ದೂರಿಗೆ ಬರುತ್ತೇನೆ. ಕಳೆದ ಏಪ್ರಿಲ್‌ನಲ್ಲಿ ತಾವು ನಮ್ಮ ಡೆಲ್‌ಬರ್ಟ್ ಸೂಚೆಕ್‌ನನ್ನು, ಬ್ಯಾಟುಗಾರನ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಚೆಂಡು ಹಿಡಿಯುವ ಆ ಬಂಗಾರದಂಥ ಮನುಷ್ಯನನ್ನು, ಡಕೋಟಾ ತಂಡಕ್ಕೆ ಕೊಟ್ಟು, ಬದಲಿಗೆ ‘ಹೆಸರನ್ನು ಆಮೇಲೆ ತಿಳಿಸಲಾಗುವ ಒಬ್ಬ ಆಟಗಾರ’ನನ್ನು ಪಡೆದಿರಿ. ಇದು ತಮ್ಮ ಕಸುಬಿನಲ್ಲಿ ನಡೆದುಬಂದ ಪದ್ಧತಿ ಎಂದು ಪತ್ರಿಕೆಯವರು ಬರೆದರು. ಇನ್ನೂ ಹೆಸರೇ ಇಲ್ಲದವನಿಗಾಗಿ ಇಡೀ ಊರು ಬಾಯಿ ಬಿಟ್ಟುಕೊಂಡು ಕಾದದ್ದನ್ನು ನೋಡಿದಾಗ, ದೇವರೇ, ವ್ಯಾಪಾರವೆಂದರೆ ಇದು ಎಂದು ನನಗೆ ಜ್ಞಾನೋದಯವಾಯಿತು.

ನನ್ನ ನೆರೆಮನೆಯ ಆರ್ವಿಡ್ ನೈಹಸ್‌ನಿಗೆ ಒಂದು ಕೆಂಪು ಟ್ರಕ್ಕಿದೆ. ನನಗೆ ಹದಿನೆಂಟು ವರ್ಷದ ಒಂದು ದೋಣಿ. ಮೇ ತಿಂಗಳಲ್ಲಿ ಕೆರೆಯ ಮೀನು ಹಿಡಿಯಲು ಸರ್ಕಾರ ಅಪ್ಪಣೆ ಕೊಡುವ ಹಿಂದಿನ ದಿನ, ಆ ದೋಣಿಯನ್ನು ಆರ್ವಿಡ್‌ಗೆ ಕೊಟ್ಟು, ಬದಲಿಗೆ ‘ಹೆಸರನ್ನು ಆಮೇಲೆ ತಿಳಿಸಲಾಗುವ ಒಂದು ವಸ್ತು’ವನ್ನು ಪಡೆದೆ. ಅದು ಟ್ರಕ್ಕೇ ಆಗಿರುತ್ತದೆಂದು ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಕಾಫಿ ಅಂಗಡಿಯ ಲಾವಾನ್ ಬೇಸಿಗೆಯುದ್ದಕ್ಕೂ ಲೋಟ ತುಂಬುತ್ತಾ, “ಏನ್ ಮಾವ, ಟ್ರಕ್ಕಿಗೆ ಯಾವ ಬಣ್ಣ ಹೊಡಿಸ್ತೀರಿ?” ಎಂದು ಕೇಳುತ್ತಿದ್ದಳು. ಹಸಿರು ಎನ್ನುತ್ತಿದ್ದೆ. ಆರ್ವಿಡ್ ಮಾತ್ರ ಪಕ್ಕದಲ್ಲೇ ಕೂತು, ನನ್ನ ಕೆರೆಯ ಮೀನು ತಿಂದು ಮಿನುಗುತ್ತಿದ್ದ ಮುಖ ಹೊತ್ತು, ಕಾಫಿ ಹೀರುತ್ತಿದ್ದ.

ಸೆಪ್ಟೆಂಬರ್‌ನಲ್ಲಿ ತಾವು ಹೆಸರು ತಿಳಿಸಿದಿರಿ. ಬಂದವನು ಅದೇ ಡೆಲ್‌ಬರ್ಟ್ ಸೂಚೆಕ್. ಅಂದರೆ ತಾವು ಡೆಲ್‌ಬರ್ಟ್‌ನನ್ನು ಕೊಟ್ಟು ಡೆಲ್‌ಬರ್ಟ್‌ನನ್ನೇ ಕೊಂಡಿರಿ. ಐದು ತಿಂಗಳು ಅವನ ಸಂಬಳ, ಅವನ ಆರು ಮೊಟ್ಟೆಯ ತಿಂಡಿ, ಎಲ್ಲವನ್ನೂ ಡಕೋಟಾದವರ ತಲೆಗೆ ಕಟ್ಟಿದಿರಿ. ಅಷ್ಟೇ ಆಗಿದ್ದರೆ ತಮ್ಮನ್ನು ಬರೀ ಜಾಣರೆಂದು ಕರೆಯುತ್ತಿದ್ದೆ. ಆದರೆ ಫೈನಲ್‌ನಲ್ಲಿ ಎದುರಾದದ್ದು ಅದೇ ಡಕೋಟಾ ತಂಡ. ಮುಂದಿನ ಚೆಂಡು ಹೇಗೆ ಎಸೆಯಬೇಕೆಂದು ಅವರು ಬೆರಳಲ್ಲಿ ತೋರುವ ಗುಟ್ಟಿನ ಸನ್ನೆಗಳನ್ನೆಲ್ಲ ಡೆಲ್‌ಬರ್ಟ್ ಬೇಸಿಗೆಯಿಡೀ ಕೂತು ಕಲಿತು ಬಂದಿದ್ದ. ಗೆಲುವಿನ ಕಪ್ ನಮಗೆ ಬಂತು, ತಮಗೆ ಪ್ರಶಸ್ತಿಫಲಕ ಬಂತು, ದೊಡ್ಡ ಲೀಗಿನಿಂದ ಕರೆಯೂ ಬಂತು. ಸಂತೋಷ.

ಆದರೆ ಮಾನ್ಯರೇ, ಪತ್ರಿಕೆಯನ್ನು ಆರ್ವಿಡ್ ಕೂಡ ಓದುತ್ತಾನೆ. ಅಕ್ಟೋಬರ್ ಕೊನೆಯಲ್ಲಿ, ಕೆರೆಯಂಚಿಗೆ ಹಾಲಿನ ಕೆನೆಯಂತೆ ಹಿಮ ಕಟ್ಟುತ್ತಿದ್ದಾಗ, ಅವನು ಟ್ರಕ್ಕಿನಲ್ಲಿ ನನ್ನಂಗಳಕ್ಕೆ ಬಂದ. ಬಣ್ಣದಂಗಡಿಗೆ ಫೋನು ಮಾಡಲು ನಾನಾಗಲೇ ಎದ್ದಿದ್ದೆ. ಟ್ರಕ್ಕಿನ ಹಿಂದೆ ನನ್ನ ದೋಣಿ ಇತ್ತು.

“ಹೆಸರು ಆಮೇಲೆ ಹೇಳ್ತೀನಿ ಅಂದಿದ್ನಲ್ಲ ಹಾರ್ಲನ್,” ಎಂದ ಆರ್ವಿಡ್. “ಈಗ ಹೇಳ್ತಿದೀನಿ. ನಿನ್ನ ದೋಣಿ.”

ನನ್ನ ಹೆಂಡತಿ ವರ್ನಾ ಕಿಟಕಿಯಿಂದಲೇ ತೀರ್ಪು ಕೊಟ್ಟಳು. “ಕೊಟ್ಟಿದ್ದೂ ಅದೇ, ಬಂದಿದ್ದೂ ಅದೇ. ನಡುವೆ ಕಳೆದುಹೋಗಿದ್ದು ನಿನ್ನ ಬುದ್ಧಿ ಒಂದೇ.”

ಬುದ್ಧಿಯಲ್ಲ, ಮಾನ್ಯರೇ. ಆ ದೋಣಿಯ ಒಳಂಚಿನಲ್ಲಿ, ಹದಿನೆಂಟು ವರ್ಷ ನಾನು ಚಾಕುವಿನಿಂದ ಕೊರೆದ ಗೀಟುಗಳಿವೆ: ಯಾವ ಮರಕ್ಕೆ ನೇರ ಬಂದಾಗ ಎಲ್ಲಿ ಗಾಳ ಇಳಿಸಬೇಕೆಂಬ ಗುಟ್ಟು. ವರ್ನಾಳಿಗೂ ಹೇಳಿರಲಿಲ್ಲ. ತಮ್ಮ ಡೆಲ್‌ಬರ್ಟ್ ಅವರ ಗುಟ್ಟನ್ನು ಹೊತ್ತು ತಂದ. ನನ್ನ ದೋಣಿ ನನ್ನ ಗುಟ್ಟನ್ನು ಕೊಟ್ಟು ಬಂತು. ಈ ಊರಿನಲ್ಲಿ ನನಗಿದ್ದ ಆಸ್ತಿ ಅದೊಂದೇ ಆಗಿತ್ತು.

ಆದಕಾರಣ ತಾವು ದೊಡ್ಡ ಲೀಗಿಗೆ ಹೊರಡುವ ಮುನ್ನ, ಕಳೆದುಹೋದ ನನ್ನ ಮೇಯಿಂದ ಅಕ್ಟೋಬರ್‌ವರೆಗಿನ ಅವಧಿಯನ್ನು ವಾಪಸು ಕೊಡಿಸಬೇಕಾಗಿ ಪ್ರಾರ್ಥನೆ. ಪೂರ್ತಿ ಆಗದಿದ್ದರೆ ಒಂದು ಜುಲೈಯಾದರೂ ಸಾಕು, ಸೊಳ್ಳೆಗಳನ್ನು ತಾವೇ ಇಟ್ಟುಕೊಳ್ಳಬಹುದು. ಜೊತೆಗೆ ಆರ್ವಿಡ್‌ನನ್ನು ಡಕೋಟಾಕ್ಕೆ ಕೊಟ್ಟು, ಬದಲಿಗೆ ಒಬ್ಬ ನೆರೆಯವನನ್ನು ಪಡೆಯಬೇಕು; ಅವನ ಹೆಸರನ್ನು ಎಂದಿಗೂ ತಿಳಿಸಬಾರದು. ಇದೂ ಕಷ್ಟವಾದರೆ ಕೆರೆಯ ಮೀನುಗಳಿಗೆ ಜಾಗ ಬದಲಿಸುವಂತೆ ತಮ್ಮ ಕಚೇರಿಯ ಮುದ್ರೆಯೊತ್ತಿ ಒಂದು ಆದೇಶ ಹೊರಡಿಸಿದರೂ ನಡೆದೀತು. ಇದೆಲ್ಲದರಿಂದ ನನಗಾದ ನಷ್ಟ ನಾಲ್ಕು ಸಾವಿರ ಡಾಲರ್ ಎಂದು ಕಾಫಿ ಅಂಗಡಿಯಲ್ಲಿ ಈಗಾಗಲೇ ಘೋಷಿಸಿದ್ದೇನೆ.

ತಮ್ಮ ಏಳಿಗೆಯನ್ನು ಸಾಕಷ್ಟು ದೂರದಿಂದ ಬಯಸುವ,
ತಮ್ಮ ವಿಶ್ವಾಸಿ,
ಹಾರ್ಲನ್ ಟ್ವೈಟನ್

ತಾ.ಕ.: ವರ್ನಾ ಪತ್ರವನ್ನು ಓದಿ, ನಿಜ ಬರೆಯದಿದ್ದರೆ ಅಂಚೆಚೀಟಿ ಕೊಡುವುದಿಲ್ಲ ಎಂದು ಕೂತಿದ್ದಾಳೆ. ಆದ್ದರಿಂದ ಬರೆಯುತ್ತೇನೆ: ದೋಣಿಯ ಹಳೆಯ ತೂತನ್ನು ಆರ್ವಿಡ್ ಮುಚ್ಚಿಸಿದ್ದಾನೆ, ಪೆಟ್ರೋಲ್ ಟ್ಯಾಂಕ್ ತುಂಬಿಸಿಯೂ ಕೊಟ್ಟಿದ್ದಾನೆ. ಬರುವುದು ಟ್ರಕ್ಕೇ ಎಂದು ನಾನು ವರ್ನಾಳ ಜೊತೆ ಪಂದ್ಯ ಕಟ್ಟಿದ್ದ ದುಡ್ಡು ಮಾತ್ರ ಹೋಯಿತು. ಆ ದುಡ್ಡಿಗೆ ಸರಿಯಾಗಿ ಅವಳು ಬರುವ ವರ್ಷದ ಮೊದಲ ಆಟಕ್ಕೆ, ಡೆಲ್‌ಬರ್ಟ್‌ನ ಬೆನ್ನ ಹಿಂದೆಯೇ, ಎರಡು ಟಿಕೆಟ್ ಕೊಂಡಿದ್ದಾಳೆ. ಒಂದು ಅವಳಿಗೆ. ಇನ್ನೊಂದು ಯಾರಿಗೆ ಎಂದರೆ ಹೆಸರು ಆಮೇಲೆ ಹೇಳುತ್ತಾಳಂತೆ. ಆರ್ವಿಡ್ ಹೊಸ ಟೋಪಿ ಕೊಂಡಿದ್ದಾನೆಂದು ಲಾವಾನ್ ಹೇಳಿದಳು. ನನ್ನ ನಿಜವಾದ ನಷ್ಟ, ಆ ಪಂದ್ಯದ್ದೇ, ಒಟ್ಟು ಹದಿನಾಲ್ಕು ಡಾಲರ್.